ಎಂಟರಿಂದ ಹನ್ನೊಂದರವರೆಗೆ

ನಮ್ಮೂರಿನಲ್ಲಿ ಎಷ್ಟೇ ಸುಮ್ಮನೆ ಕೂತರೂ ತಂತಿಗೆ ಕೇಳಿಸುತ್ತೇವೆ. ಬಾಯಿ ಮುಚ್ಚಿಕೊಂಡು, ಕೈಕಾಲು ಮಡಚಿಕೊಂಡು, ಉಸಿರು ಬಿಗಿಹಿಡಿದು ಕೂತವರದೂ ಗುಂಯ್ ಎನ್ನುವ ಒಂದು ಸದ್ದು ಹೋಗಿ ಬಯಲಿನ ತಂತಿಯ ಮೇಲೆ ಕೂರುತ್ತದೆ. ಅದಕ್ಕೆ ನಾವು ಮೈದನಿ ಎನ್ನುತ್ತೇವೆ. ಕಿವಿಗೆ ಕೇಳುವಂಥದಲ್ಲ, ತಂತಿಗೆ ಮಾತ್ರ ಕೇಳುತ್ತದೆ. ನಮ್ಮಲ್ಲಿ ಮಗುವಿಗೆ ಹೆಸರಿಡುವ ಮೊದಲೇ ಮೈದನಿ ಬರೆಸುತ್ತಾರೆ. ಬೇರೆ ಊರಿನಿಂದ ಬಂದ ನೆಂಟರು ಮೊದಲೆರಡು ದಿನ ಮುಜುಗರಪಟ್ಟು, ಮೂರನೆಯ ದಿನ ಮರೆತು, ನಾಲ್ಕನೆಯ ದಿನ ನಮ್ಮ ಹಾಗೆಯೇ ಅದರ ಬಗ್ಗೆ ತಮಾಷೆ ಮಾಡಲು ಶುರು ಮಾಡುತ್ತಾರೆ.

ಆದರೆ ತಂತಿ ಕಟ್ಟಿದ್ದು ನಮ್ಮನ್ನು ಕೇಳಲಿಕ್ಕಲ್ಲ. ಊರಿನ ಮೂಡಣಕ್ಕೆ ಒಂದು ಬೋಳು ಬಯಲಿದೆ. ಅಲ್ಲಿ ಸಾವಿರಕ್ಕೂ ಹೆಚ್ಚು ಕಂಬ, ಕಂಬದಿಂದ ಕಂಬಕ್ಕೆ ತಂತಿ. ನಮ್ಮ ಕ್ಷೀರಪಥವನ್ನೂ ದಾಟಿ, ಲೆಕ್ಕಕ್ಕೇ ಸಿಗದಷ್ಟು ದೂರದಲ್ಲಿ ಬೇರೆ ಗ್ಯಾಲಕ್ಸಿಗಳಿವೆಯಲ್ಲ, ಅವುಗಳ ಸದ್ದು ಹಿಡಿಯಲೆಂದು ನಮ್ಮ ಅಜ್ಜಂದಿರ ಕಾಲದಲ್ಲಿ ಕಟ್ಟಿದ್ದು. ಊರಿನವರು ಅಷ್ಟೆಲ್ಲ ಹೇಳುವುದಿಲ್ಲ. 'ದೂರದ್ದು' ಎನ್ನುತ್ತಾರೆ. ಟಪಾಲು ಬಂತಾ ಎಂದು ಕೇಳುವ ಹಾಗೆ 'ದೂರದ್ದು ಬಂತಾ' ಎಂದು ಕೇಳುತ್ತಾರೆ. ದೂರದ್ದು ಬರುತ್ತಲೇ ಇರುತ್ತದೆ. ಆದರೆ ಅದರ ಮೇಲೆ ಕ್ಷೀರಪಥದ ಗದ್ದಲ, ಅದರ ಮೇಲೆ ನಮ್ಮ ಊರು. ಸಂತೆಯ ಆ ತುದಿಯಲ್ಲಿ ಯಾರೋ ತಮ್ಮಷ್ಟಕ್ಕೆ ಗುನುಗುತ್ತಿದ್ದರೆ ಈ ತುದಿಯಲ್ಲಿ ನಿಂತು ಕೇಳಿಸಿಕೊಳ್ಳಬೇಕು, ಅಂಥ ಕೆಲಸ.

ಆ ಗದ್ದಲ ತೆಗೆಯುವುದು ನನ್ನ ಉದ್ಯೋಗ. ಬೋರ್ಡಿನ ಮೇಲೆ ನಮ್ಮ ಕಚೇರಿಯ ಹೆಸರು ಮೂರು ಸಾಲು ಇದೆ. ಊರಿಗೆ ಅದು ಸೋಸುಮನೆ, ನಾವು ಸೋಸುವವರು. ಕ್ಷೀರಪಥವನ್ನು ತೆಗೆಯುವುದು ಕಷ್ಟವಲ್ಲ. ಅದು ಒಂದೇ ಸಮನೆ ಗುಂಯ್‌ಗುಡುತ್ತದೆ; ನಯವಾದ ಒಂದು ಗೆರೆ ಎಳೆದು ಅಷ್ಟನ್ನೂ ಕಳೆದರೆ ಮುಗಿಯಿತು. ಮನುಷ್ಯರು ಹಾಗಲ್ಲ. ಒಬ್ಬ ಹಸಿದಾಗ ಒಂದು ಥರ, ಉಂಡಾಗ ಇನ್ನೊಂದು ಥರ. ಆದ್ದರಿಂದ ಊರಿನ ಪ್ರತಿಯೊಬ್ಬರೂ ವರ್ಷಕ್ಕೊಮ್ಮೆ, ತಾವು ಹುಟ್ಟಿದ ತಿಂಗಳಲ್ಲಿ, ಸೋಸುಮನೆಗೆ ಬಂದು ಒಂದು ಮರದ ಸ್ಟೂಲಿನ ಮೇಲೆ ಕೂರಬೇಕು. ಸುಮ್ಮನೆ ಕೂತದ್ದು ಒಂದು ಗೆರೆ, ನಡೆದು ಬಂದು ಕೂತದ್ದು ಒಂದು, ಉಪವಾಸದ್ದು ಒಂದು, ಉಂಡದ್ದು ಒಂದು. ಕೊನೆಗೆ 'ಏನಾದರೂ ಬೇಜಾರಿನದು ನೆನಪು ಮಾಡಿಕೊಳ್ಳಿ' ಎನ್ನುತ್ತೇವೆ, ಅದೂ ಒಂದು ಗೆರೆ. ಎಲ್ಲವನ್ನೂ ಒಂದು ಹಾಳೆಯ ಮೇಲೆ ಬರೆದು, ಪಕ್ಕದ ಕಾಲಂನಲ್ಲಿ ಸ್ಥಿತಿ ಏನೆಂದು ನಮೂದಿಸಿ, ಬೀದಿವಾರು ಜೋಡಿಸಿಡುತ್ತೇವೆ. ತಂತಿಯ ಮೇಲೆ ಬಂದದ್ದರಿಂದ ಈ ಹಾಳೆಗಳನ್ನು ಒಂದೊಂದಾಗಿ ಕಳೆಯುತ್ತ ಹೋದರೆ ಊರು ಕರಗುತ್ತ ಹೋಗುತ್ತದೆ. ಕೊನೆಗೆ ಉಳಿದದ್ದು ದೂರದ್ದು. ಉಳಿದರೆ.

ಬೆಳಿಗ್ಗೆ ಏಳರಿಂದ ಹನ್ನೆರಡರವರೆಗೆ ತಂತಿ ಆಲಿಸುವ ಹೊತ್ತು. ಆಗ ಊರಿನಲ್ಲಿ ಯಾರೂ ಜಗಳ ಆಡುವುದಿಲ್ಲ. ಜಗಳದ ಸದ್ದಿಗಲ್ಲ, ಸಿಟ್ಟು ಬಂದವರ ಮೈದನಿ ಯಾವ ಹಾಳೆಗೂ ಹೊಂದುವುದಿಲ್ಲ, ಅದಕ್ಕೆ. ಗಂಡಹೆಂಡಿರು 'ಹನ್ನೆರಡು ಹೊಡೀಲಿ, ಮಾತಾಡ್ತೀನಿ' ಎಂದು ಹಲ್ಲು ಕಚ್ಚಿಕೊಂಡು ಓಡಾಡುತ್ತಾರೆ. ಹನ್ನೆರಡಕ್ಕೆ ಸೈರನ್ ಕೂಗಿದ ಮರುಕ್ಷಣ ಬೀದಿ ಬೀದಿಯಲ್ಲಿ ಬಾಗಿಲು ಬಡಿದುಕೊಳ್ಳುವುದು ಕೇಳಬೇಕು. ಅರ್ಧಕ್ಕರ್ಧ ಜನರಿಗೆ ಅಷ್ಟು ಹೊತ್ತಿಗೆ ಜಗಳ ಯಾತಕ್ಕೆ ಎನ್ನುವುದೇ ಮರೆತಿರುತ್ತದೆ. ಹೀಗಾಗಿ ನಮ್ಮೂರಿನ ಸಂಸಾರಗಳು ಬೇರೆ ಊರಿಗಿಂತ ಒಂದು ಕೈ ಮೇಲು ಎಂದು ನಾವು ಹೇಳಿಕೊಳ್ಳುತ್ತೇವೆ.

ಇನ್ನೊಂದು ಅನುಕೂಲವೂ ಇತ್ತು. ಒಬ್ಬರ ಗೆರೆ ಹಿಂದಿನ ವರ್ಷದ್ದಕ್ಕಿಂತ ಬೇರೆಯಾಗಿದ್ದರೆ ಮೈಯೊಳಗೆ ಏನೋ ಶುರುವಾಗಿದೆ ಎಂದು ಅರ್ಥ. ಸ್ಟೂಲಿನ ಮೇಲಿಂದ ಇಳಿಯುವ ಮೊದಲೇ ನಾವು 'ಒಂದ್ಸಲ ಡಾಕ್ಟರ್ ಹತ್ರ ಹೋಗಿಬನ್ನಿ' ಎನ್ನುತ್ತೇವೆ. ನಾನೇ ಹನ್ನೆರಡು ಹದಿಮೂರು ಜನರಿಗೆ ಹಾಗೆ ಹೇಳಿದ್ದೇನೆ. ಅದರಲ್ಲಿ ಒಂಬತ್ತು ಜನ ಈಗಲೂ ಓಡಾಡಿಕೊಂಡಿದ್ದಾರೆ, ಸಿಕ್ಕಾಗ ನನ್ನ ಕೈ ಹಿಡಿದುಕೊಳ್ಳುತ್ತಾರೆ.

ನಮ್ಮಮ್ಮ ಸಿದ್ಧಗಂಗಮ್ಮ ಪುಷ್ಯ ಮಾಸದಲ್ಲಿ ಹುಟ್ಟಿದವಳು. ಪ್ರತಿ ಪುಷ್ಯದಲ್ಲೂ ಒಗೆದ ಸೀರೆ ಉಟ್ಟು, ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಫೋಟೋ ತೆಗೆಸಿಕೊಳ್ಳುವವಳ ಹಾಗೆ ಬಂದು ಸ್ಟೂಲಿನ ಮೇಲೆ ಕೂರುತ್ತಿದ್ದಳು. ಅಪ್ಪ ತೀರಿಕೊಂಡಾಗ ನನಗೆ ಒಂಬತ್ತು ವರ್ಷ. ಊಟದೆಲೆ ಹಚ್ಚಿ ಮಾರಿ ನನ್ನನ್ನು ಓದಿಸಿದಳು. ನಾನು ಮದುವೆಯಾಗಲಿಲ್ಲ, ಮನೆಯಲ್ಲಿ ನಾವಿಬ್ಬರೇ. 'ಸರಿಯಾಗಿ ಬರ್ಕೊ ಹಾಲೇಶಿ' ಎನ್ನುತ್ತಿದ್ದಳು. 'ತೆಗೆಯೋವಾಗ ಚೂರೂ ಉಳೀಬಾರ್ದು. ದೂರದ್ದು ಬರೋವಾಗ ಹಾಲೇಶನ ಅಮ್ಮ ಅಡ್ಡ ನಿಂತಿದ್ಲು ಅಂತ ಊರೋರ ಬಾಯಲ್ಲಿ ಬರಬಾರ್ದು.' ಬೇಜಾರಿನದು ನೆನೆಸಿಕೋ ಎಂದರೆ ಮಾತ್ರ ನಗುತ್ತಿದ್ದಳು. 'ಈಗ ನೆನೆಸ್ಕೊ ಅಂದ್ರೆ ಎಲ್ಲಿಂದ ತರ್ಲಿ, ತಿಂಡಿ ತಿಂದ್ ಬಂದಿದೀನಿ.' ಅವಳ ಆ ಗೆರೆ ಉಳಿದ ನಾಲ್ಕಕ್ಕಿಂತ ಕೂದಲೆಳೆಯಷ್ಟೂ ಬೇರೆ ಇರುತ್ತಿರಲಿಲ್ಲ.

ಆ ಹಾಳೆ ನನ್ನ ಹೆಮ್ಮೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ಮಾದರಿ ಎಂದು ಅದನ್ನೇ ತೋರಿಸುತ್ತಿದ್ದೆವು. ಅದನ್ನು ಕಳೆದ ಮೇಲೆ ಏನಾದರೂ ಚೂರುಪಾರು ಉಳಿದರೆ ಅದನ್ನೂ ನಾನು ಬಿಡುತ್ತಿರಲಿಲ್ಲ. ನಮ್ಮಲ್ಲಿ ಕೈಯಳತೆ ಎಂದು ಒಂದು ರೂಢಿ ಇದೆ. ಹಾಳೆಗೆ ಸಿಗದ ಚಿಲ್ಲರೆ ಸದ್ದನ್ನು ಅನುಭವಸ್ಥರು ಕಣ್ಣಂದಾಜಿನಲ್ಲಿ ಹೆರೆದು ಹಾಕಬಹುದು. ನನ್ನ ಕೈಯಳತೆಗೆ ಹೆಸರಿತ್ತು. ನಾನು ಸೋಸಿದ ಗೆರೆ ಇಸ್ತ್ರಿ ಮಾಡಿದ ಪಂಚೆಯ ಹಾಗಿರುತ್ತದೆ ಎಂದು ನಮ್ಮ ದೊಡ್ಡವರು, ಓಂಕಾರಯ್ಯನವರು, ನಾಲ್ಕು ಜನರ ಮುಂದೆ ಹೇಳಿದ್ದುಂಟು.

ಓಂಕಾರಯ್ಯನವರಿಗೆ ಆಗ ಎಪ್ಪತ್ತೊಂದು. ಮೂವತ್ತೆಂಟು ವರ್ಷದಿಂದ ಆಕಾಶದ ಒಂದೇ ತುಂಡಿನ ಮೇಲೆ ಕಣ್ಣಿಟ್ಟಿದ್ದರು. ಅಲ್ಲಿ ಒಂದು ಗ್ಯಾಲಕ್ಸಿ ಇದ್ದೇ ಇದೆ ಎಂದು ಅವರ ಗುರುಗಳು ಹೇಳಿ ಹೋಗಿದ್ದರಂತೆ. ನಾವು ಆಲಿಸುವ ಹೊತ್ತಿಗೆ ಸರಿಯಾಗಿ ಆ ತುಂಡು ನೆತ್ತಿಗೆ ಬರುವುದು ಚೈತ್ರದಲ್ಲಿ, ಹನ್ನೊಂದು ದಿನ ಮಾತ್ರ. ಆ ಹನ್ನೊಂದು ದಿನ ಅವರು ಉಪ್ಪುಖಾರ ಬಿಟ್ಟು ಗಂಜಿ ಕುಡಿಯುತ್ತಿದ್ದರು, ತಮ್ಮ ಮೈದನಿ ಏರಬಾರದು ಎಂದು. ಮೂವತ್ತೆಂಟು ಚೈತ್ರದಲ್ಲೂ ಗೆರೆ ಚಪ್ಪಟೆ. 'ಬರ್ಲಿ ಬಿಡು, ನಮ್ಗೇನ್ ಅವಸರ' ಎನ್ನುತ್ತಿದ್ದರು. ಅವಸರ ಇತ್ತು. ಅವರ ಕಿವಿ ಮಂದವಾಗುತ್ತಿತ್ತು.

ಹೋದ ಚೈತ್ರಕ್ಕೆ ಮುಂಚಿನ ಪುಷ್ಯದಲ್ಲಿ ಅಮ್ಮ ಸ್ಟೂಲಿಗೆ ಬರಲಿಲ್ಲ. ಮೊದಲ ವಾರ ಮಂಡಿನೋವು ಎಂದಳು. ಎರಡನೆಯ ವಾರ ಸೀರೆ ಒಣಗಿಲ್ಲ ಎಂದಳು. ಆಮೇಲೆ 'ಮುಂದಿನ ತಿಂಗಳು ಬರ್ತೀನಿ ಬಿಡೋ, ನಾನೆಲ್ಲಿ ಓಡಿಹೋಗ್ತೀನಿ' ಎಂದಳು. ನಾನೂ ಒತ್ತಾಯ ಮಾಡಲಿಲ್ಲ. ಹನ್ನೊಂದು ವರ್ಷದಿಂದ ಒಂದು ಕೂದಲೆಳೆ ಬದಲಾಗದ ಹಾಳೆ. ಹಳೆಯದನ್ನೇ ಮುಂದುವರಿಸಿದರಾಯಿತು ಅಂದುಕೊಂಡೆ. ಬೇರೆಯವರ ತಾಯಿ ಹೀಗೆ ಮೂರು ಸಲ ನೆಪ ಹೇಳಿದ್ದರೆ ನಾನು ಮನೆಗೇ ಹೋಗಿ ಕರೆದುಕೊಂಡು ಬರುತ್ತಿದ್ದೆ.

ಆ ಚೈತ್ರದಲ್ಲಿ ಗಾಳಿಗೆ ಬಯಲಿನ ಅರುವತ್ತು ಕಂಬ ಉರುಳಿದವು. ಸರಿಯಾಗಿ ಆ ಹನ್ನೊಂದು ದಿನವೇ. ಕಂಬ ನಿಲ್ಲಿಸುವುದನ್ನು ನೋಡಿಕೊಳ್ಳಲು ನನ್ನನ್ನು ಕಳಿಸಿ, ಸೋಸುವ ಕೆಲಸವನ್ನು ದಾಕ್ಷಾಯಣಿಗೆ ಕೊಟ್ಟರು. ದಾಕ್ಷಾಯಣಿ ಕಂಚುಗಾರ ಬೀದಿಯವಳು, ಕೆಲಸಕ್ಕೆ ಸೇರಿ ಎಂಟು ವರ್ಷವಾಗಿತ್ತು. ಅವಳ ಕೆಲಸ ನನಗೆ ಹಿಡಿಸುತ್ತಿರಲಿಲ್ಲ. ಅವಳು ಕೈಯಳತೆಯನ್ನು ಮುಟ್ಟುತ್ತಲೇ ಇರಲಿಲ್ಲ. ಹಾಳೆಯಲ್ಲಿ ಇದ್ದಷ್ಟು ಕಳೆದು, ಉಳಿದದ್ದನ್ನು ಉಳಿದ ಹಾಗೇ ಬಿಡುತ್ತಿದ್ದಳು. ಏನಮ್ಮ ಇದು, ಅರ್ಧ ಗುಡಿಸಿದ ಮನೆ ಹಾಗೆ ಎಂದರೆ, 'ಉಳಿದಿದ್ದು ಏನು ಅಂತ ಗೊತ್ತಿಲ್ದೆ ಹೆಂಗಣ್ಣ ಹೆರೆಯೋದು' ಎನ್ನುತ್ತಿದ್ದಳು. ನನಗೆ ಅದು ಸೋಮಾರಿತನಕ್ಕೆ ಕೊಟ್ಟ ಒಳ್ಳೆಯ ಹೆಸರು ಅನ್ನಿಸುತ್ತಿತ್ತು.

ಹನ್ನೆರಡನೆಯ ದಿನ ಓಂಕಾರಯ್ಯನವರು ನನ್ನನ್ನು ಕರೆಸಿದರು. ಮೇಜಿನ ಮೇಲೆ ಹನ್ನೊಂದು ದಿನದ ಗೆರೆ ಒಂದರ ಕೆಳಗೊಂದು ಹರಡಿಕೊಂಡಿತ್ತು. ಎಲ್ಲ ಹನ್ನೊಂದರಲ್ಲೂ ಒಂದೇ ಆಕಾರ. ಬೆಳಿಗ್ಗೆ ಎಂಟರ ಸುಮಾರಿಗೆ ಎದ್ದು, ಒಂದು ದಿಬ್ಬ, ತುಸು ಇಳಿದು ಇನ್ನೊಂದು ದಿಬ್ಬ, ಆಮೇಲೆ ಎರಡಕ್ಕಿಂತ ದೊಡ್ಡದೊಂದು, ಹನ್ನೊಂದರ ಹೊತ್ತಿಗೆ ನಿಧಾನವಾಗಿ ಇಳಿದು ಮಟ್ಟಸ. ಓಂಕಾರಯ್ಯನವರ ಬೆರಳು ಆ ದಿಬ್ಬಗಳ ಮೇಲೆ ಓಡಾಡುತ್ತಿತ್ತು.

'ಹಾಲೇಶ, ನೀನೇ ಹೇಳು. ಇದು ಹತ್ತಿರದ್ದಾ, ದೂರದ್ದಾ?'

ನಾನು ಬಾಯಿ ತೆರೆಯುವ ಮೊದಲೇ ಬಾಗಿಲ ಬಳಿ ನಿಂತಿದ್ದ ದಾಕ್ಷಾಯಣಿ, 'ಹತ್ತಿರದ್ದು ಅನ್ಸುತ್ತೆ ಸರ್' ಎಂದಳು.

'ಯಾಕಮ್ಮ?'

'ಇಡೀ ಊರಿನ ಹಾಳೆ ತೆಗೆದು ತಾರೀಕು ನೋಡ್ದೆ. ಎಲ್ಲಾ ಒಂದು ವರ್ಷದೊಳಗಿನ್ದು. ಒಂದೇ ಒಂದು ಹಳೇದು.' ನನ್ನ ಕಡೆ ತಿರುಗಿದಳು. 'ಹಾಲೇಶಣ್ಣ, ಅಮ್ಮನ್ನ ಒಂದ್ಸಲ ಕರ್ಕೊಂಬಂದು ಬರ್ಕೊಳ್ಳಿ. ಆಮೇಲೆ ಗೊತ್ತಾಗುತ್ತೆ.'

ನನಗೆ ಮೈಯೆಲ್ಲ ಉರಿಯಿತು. 'ನಮ್ಮಮ್ಮನ ಹಾಳೆ ತಪ್ಪಾಗೋಕೆ ಸಾಧ್ಯ ಇಲ್ಲ' ಎಂದೆ. 'ನಲವತ್ತು ವರ್ಷದಿಂದ ಒಂದೇ ಮನೇಲಿ ಇದೀನಿ. ಅವಳ ಮೈದನಿ ನಂಗೆ ಗೊತ್ತಿಲ್ದೆ ನಿಂಗೆ ಗೊತ್ತಾ? ನಿನ್ಗೆ ಸೋಸೋಕೆ ಬರ್ದೆ ಇದ್ರೆ ಅದನ್ನ ತಗೊಂಡ್ಹೋಗಿ ನಮ್ಮಮ್ಮನ ಮೇಲೆ ಹಾಕ್ಬೇಡ.'

ಓಂಕಾರಯ್ಯನವರು ನನ್ನ ಮುಖ ನೋಡಿದರು. ಅವರಿಗೆ ನಾನು ಏನು ಹೇಳಬೇಕಿತ್ತು ಎನ್ನುವುದು ಆ ಮುಖದಲ್ಲೇ ಇತ್ತು, ಆದರೆ ನಾನು ಅವರಿಗಾಗಿ ಹೇಳಲಿಲ್ಲ, ನನ್ನ ಹಾಳೆಗಾಗಿ ಹೇಳಿದೆ. 'ಹತ್ತಿರದ್ದಲ್ಲ ಸರ್' ಎಂದು ಸಹಿ ಹಾಕಿದೆ. ನಿಯಮದಂತೆ ಇಬ್ಬರ ಸಹಿ ಬೇಕು, ದಾಕ್ಷಾಯಣಿ ಹಾಕಲಿಲ್ಲ. ಎರಡನೆಯ ಸಹಿ ಓಂಕಾರಯ್ಯನವರೇ ಹಾಕಿದರು. ಆ ವಾರವೇ ನಾನು ಕೇಳಿಕೊಂಡು ದಾಕ್ಷಾಯಣಿಯನ್ನು ದನಗಳ ಮೈದನಿ ಬರೆಯುವ ಕೊಟ್ಟಿಗೆಗೆ ಹಾಕಿಸಿದೆ.

ಸಹಿ ಹಾಕಿದ ದಿನ ಮಧ್ಯಾಹ್ನ ಪೇಡೆ ಕಟ್ಟಿಸಿಕೊಂಡು ಮನೆಗೆ ಹೋದೆ. ಅಮ್ಮ ಎಂದಿನ ಹಾಗೆ ಅನ್ನ, ಸಾರು ಮಾಡಿ, ಮೇಲೆ ತಟ್ಟೆ ಮುಚ್ಚಿ, ಗೋಡೆಗೆ ಒರಗಿ ಕೂತಿದ್ದಳು.

'ಅಮ್ಮಾ, ದೂರದ್ದು ಸಿಕ್ತು.'

'ಹೌದೇನೋ?' ಪೇಡೆಯನ್ನು ಕೈಯಲ್ಲಿ ಹಿಡಿದುಕೊಂಡಳು, ಬಾಯಿಗಿಡಲಿಲ್ಲ. 'ಹೆಂಗಿದೆ ಅದು?'

ನಾನು ಖುಷಿಯಲ್ಲಿ ಗಾಳಿಯಲ್ಲೇ ಬೆರಳಾಡಿಸಿ ತೋರಿಸಿದೆ. ಎಂಟಕ್ಕೆ ಏಳುತ್ತೆ, ಹೀಗೆ ಒಂದು, ಹೀಗೆ ಎರಡು, ಮೂರನೇದು ದೊಡ್ಡದು, ಹನ್ನೊಂದಕ್ಕೆ ಸುಮ್ಮನಾಗುತ್ತೆ. ಅಮ್ಮ ನನ್ನ ಬೆರಳನ್ನೇ ನೋಡುತ್ತಿದ್ದಳು.

'ಕೇಳೋಕೆ ಚೆನ್ನಾಗಿದ್ಯಾ?' ಎಂದಳು.

'ತುಂಬಾ ಚೆನ್ನಾಗಿದೆ ಅಮ್ಮ. ಅಯ್ಯನೋರು ಕಣ್ಣಲ್ಲಿ ನೀರು ಹಾಕ್ಕೊಂಡ್ರು.'

'ಹಂಗಾದ್ರೆ ಸರಿ' ಎಂದಳು. 'ಕೈ ತೊಳ್ಕೊ, ಅನ್ನ ಆರೋಗುತ್ತೆ.'

ಹತ್ತೊಂಬತ್ತು ದಿನದ ಮೇಲೆ, ಮಧ್ಯಾಹ್ನ ಊಟಕ್ಕೆ ಬಂದಾಗ ಅನ್ನ ಆಗಿತ್ತು, ಒಲೆ ಆರಿತ್ತು, ಅಮ್ಮ ಗೋಡೆಯ ಪಕ್ಕ ಬರೀ ನೆಲದ ಮೇಲೆ ಮಲಗಿದ್ದಳು. ಮೈ ಇನ್ನೂ ಬಿಸಿ ಇತ್ತು. ಡಾಕ್ಟರು ಬಂದು ಹೊಟ್ಟೆ ಮುಟ್ಟಿ ನೋಡಿ, ಒಳಗೆ ಗಡ್ಡೆ ಇದ್ದಿರಬೇಕು, ಐದಾರು ತಿಂಗಳಿನದ್ದು ಎಂದರು. ಹೇಳಲೇ ಇಲ್ಲ ಎಂದೆ. ನನ್ನ ಉದ್ಯೋಗ ಏನೆಂದು ಡಾಕ್ಟರಿಗೂ ಗೊತ್ತು. ಅವರು ಬ್ಯಾಗು ಮುಚ್ಚಿಕೊಂಡು ನನ್ನ ಭುಜ ತಟ್ಟಿ ಹೋದರು. ಸತ್ತವರ ಹಾಳೆಯನ್ನು ಹರಿದು ಅವರ ಜೊತೆಗೇ ಮಣ್ಣು ಮಾಡುವುದು ನಮ್ಮ ಪದ್ಧತಿ, ಇನ್ನು ಅವರನ್ನು ಯಾತರಿಂದಲೂ ಕಳೆಯಬೇಕಾಗಿಲ್ಲವಲ್ಲ. ಹನ್ನೊಂದು ವರ್ಷ ನಾನು ಎಲ್ಲರಿಗೂ ತೋರಿಸಿಕೊಂಡು ಬಂದ ಹಾಳೆಯನ್ನು ನಾಲ್ಕು ಚೂರು ಮಾಡಿ ಅವಳ ಎದೆಯ ಮೇಲಿಟ್ಟೆ. ಅಷ್ಟಾದರೂ ನನಗೆ ಹೊಳೆಯಲಿಲ್ಲ. ಹೊಳೆಯದ ಹಾಗೆ ನೋಡಿಕೊಂಡೆ ಎನ್ನುವುದು ಹೆಚ್ಚು ಸರಿ.

ಅಷ್ಟರಲ್ಲಿ ಊರು ಹುಚ್ಚೆದ್ದು ಕುಣಿಯುತ್ತಿತ್ತು. 'ದೂರದ್ದು ಸಿಕ್ಕಿದೆ' ಎಂದು ಸೋಸುಮನೆಯ ಮುಂದೆ ಬೋರ್ಡು ಬರೆಸಿದರು. ಮೂರು ಗಂಟೆಯ ಗೆರೆಯನ್ನು ಮೂರು ನಿಮಿಷಕ್ಕೆ ಇಳಿಸಿ, ಕಿವಿಗೆ ಕೇಳುವ ಹಾಗೆ ಟೇಪು ಮಾಡಿ, ಜಗಲಿಯ ಮೇಲೆ ಒಂದು ಮೇಜು, ಅದರ ಮೇಲೆ ಹೆಡ್‌ಫೋನು ಇಟ್ಟರು. ದಿನಾ ಬೆಳಿಗ್ಗೆ ಸರದಿ. ಟೈಲರ್ ಮೃತ್ಯುಂಜಯನಿಗೆ ಹೆಂಡತಿ ಹೋದಾಗಿನಿಂದ ಹೊಲಿಗೆಯ ಮೇಲೆ ಮನಸ್ಸಿರಲಿಲ್ಲ, ಅದನ್ನು ಕೇಳಿದ ದಿನ ಮಾತ್ರ ಮಿಷನ್ ತುಳಿಯುತ್ತಿದ್ದ. ಹಟ ಮಾಡುವ ಕೂಸುಗಳನ್ನು ಎತ್ತಿಕೊಂಡು ಬಂದು ಕಿವಿಗೆ ಹಿಡಿಯುತ್ತಿದ್ದರು. ಮೂರನೆಯ ದಿಬ್ಬ ಇಳಿಯುವ ಹೊತ್ತಿಗೆ ಕೂಸಿನ ಕಣ್ಣು ಮುಚ್ಚಿರುತ್ತಿತ್ತು. 'ಕೊನೆಗೆ ಹೆಂಗೆ ತಣ್ಣಗಾಗುತ್ತೆ ನೋಡಿ' ಎಂದು ಎಲ್ಲರದೂ ಒಂದೇ ಮಾತು. ಅಮ್ಮ ಹೋದ ಮೇಲೆ ನಾನೂ ದಿನಾ ಸರದಿಯಲ್ಲಿ ನಿಂತೆ. ಸೋಸುವವನು ಸರದಿಯಲ್ಲಿ ನಿಲ್ಲಬೇಕಾಗಿರಲಿಲ್ಲ, ಒಳಗೆ ಕೂತೇ ಕೇಳಬಹುದಿತ್ತು. ಆದರೆ ಜನರ ನಡುವೆ ಕೇಳಿದರೆ ಮನೆಗೆ ಹೋಗುವ ಧೈರ್ಯ ಬರುತ್ತಿತ್ತು. ಇಷ್ಟು ದೂರದಿಂದ ಒಂದು ಸದ್ದು ದಾರಿ ತಪ್ಪದೆ ಬಂದಿದೆ ಎಂದುಕೊಂಡು ಒಬ್ಬನೇ ಅನ್ನ ಬಸಿದುಕೊಂಡು ಉಣ್ಣುತ್ತಿದ್ದೆ.

ಆದರೆ ಸಿಕ್ಕಿದ್ದು ನಿಜ ಎನ್ನಿಸಿಕೊಳ್ಳಬೇಕಾದರೆ ಇನ್ನೊಂದು ಚೈತ್ರ ದಾಟಬೇಕು. ಅದೇ ತುಂಡು ಮತ್ತೆ ನೆತ್ತಿಗೆ ಬಂದಾಗ ಅದೇ ಸದ್ದು ಮತ್ತೆ ಕೇಳಬೇಕು. ಹತ್ತಿರದ್ದು ಬದಲಾಗುತ್ತದೆ, ದೂರದ್ದು ಬದಲಾಗುವುದಿಲ್ಲ, ಅದು ನಮ್ಮ ನಿಯಮ. ಓಂಕಾರಯ್ಯನವರು ಆ ವರ್ಷವೆಲ್ಲ ಅದೊಂದರ ಮೇಲೆ ಜೀವ ಹಿಡಿದುಕೊಂಡಿದ್ದರು. ಎರಡು ಸಲ ಆಸ್ಪತ್ರೆ ಸೇರಿ ಎರಡು ಸಲವೂ ಎದ್ದು ಬಂದರು. ಒಂದು ಕಿವಿ ಪೂರ್ತಿ ಹೋಯಿತು. 'ಇನ್ನೊಂದರಲ್ಲಿ ಕೇಳ್ತೀನಿ ಬಿಡು' ಎಂದರು.

ಈ ಚೈತ್ರದಲ್ಲಿ ನಾನೇ ಸೋಸಲು ಕೂತೆ. ಮೊದಲ ದಿನ ಊರನ್ನೆಲ್ಲ ಕಳೆದು ನೋಡಿದರೆ ಗೆರೆ ಚಪ್ಪಟೆ. ಮೋಡವಿತ್ತು, ಇರಲಿ ಅಂದುಕೊಂಡೆ, ನಮ್ಮ ತಂತಿಗೂ ಮೋಡಕ್ಕೂ ಸಂಬಂಧವಿಲ್ಲ ಎಂದು ಗೊತ್ತಿದ್ದೂ. ಎರಡನೆಯ ದಿನವೂ ಚಪ್ಪಟೆ. ಐದನೆಯ ದಿನ ಕೈಯಳತೆಯನ್ನು ಪೂರ್ತಿ ಬಿಟ್ಟು, ದಾಕ್ಷಾಯಣಿಯ ಹಾಗೆ ಉಳಿದದ್ದನ್ನು ಉಳಿದ ಹಾಗೇ ಬಿಟ್ಟೆ. ಏನೂ ಉಳಿದಿರಲಿಲ್ಲ. ಓಂಕಾರಯ್ಯನವರು ಬೆತ್ತದ ಕುರ್ಚಿಯಲ್ಲಿ ಕೂತು ದಿನಾ 'ಬಂತೇನೋ?' ಎಂದು ಕೇಳುತ್ತಿದ್ದರು. 'ನಾಳೆ ನೋಡೋಣ ಸರ್' ಎನ್ನುತ್ತಿದ್ದೆ. ಹತ್ತನೆಯ ದಿನ ಅವರು ಕೇಳಲಿಲ್ಲ, ನನ್ನ ಮುಖ ನೋಡಿ ತಲೆಯಾಡಿಸಿದರು.

ಹನ್ನೊಂದನೆಯ ದಿನ ಕೊಟ್ಟಿಗೆಗೆ ಹೋದೆ. ದಾಕ್ಷಾಯಣಿ ಒಂದು ಗಬ್ಬದ ಎಮ್ಮೆಯ ಮೈದನಿ ಬರೆಯುತ್ತಿದ್ದಳು. ಎಮ್ಮೆಯ ಬೆನ್ನ ಮೇಲೆ ಒಂದು ಕೈ ಇಟ್ಟುಕೊಂಡೇ ನನ್ನನ್ನು ನೋಡಿದಳು. ಕೂರಿ ಎಂದು ಬಕೆಟ್ಟು ಮಗುಚಿ ಕೊಟ್ಟಳು.

'ಬರ್ಲಿಲ್ಲ ಅಲ್ವಾ?' ಎಂದಳು.

'ಇಲ್ಲ.'

'ಅಮ್ಮ ಇಲ್ವಲ್ಲಣ್ಣ. ಎಲ್ಲಿಂದ ಬರುತ್ತೆ.'

ನಾನು ನೆಲ ನೋಡುತ್ತ, 'ಅದು ಅಮ್ಮನ ಮೈದನಿ ಅಲ್ಲ ದಾಕ್ಷಾಯಣಿ' ಎಂದೆ. ಇನ್ನೂ ವಾದ ಮಾಡುತ್ತಿದ್ದೆ. 'ಅವಳದ್ದು ನಂಗೆ ಗೊತ್ತು. ಹಂಗೆ ದಿಬ್ಬ ದಿಬ್ಬ ಇರ್ಲಿಲ್ಲ. ಅವಳದ್ದು ಮಟ್ಟಸ.'

'ನೀವು ಬರ್ಕೊಂಡಿದ್ದು ಮಟ್ಟಸ' ಎಂದಳು. ಗಟ್ಟಿಯಾಗಿ ಹೇಳಲಿಲ್ಲ, ಎಮ್ಮೆ ಬೆದರಬಾರದು ಎನ್ನುವಷ್ಟು ಮೆಲ್ಲಗೆ ಹೇಳಿದಳು. 'ಹಳೇ ಹಾಳೆ ಕಳೆದ್ರೆ ಹಳೇ ಅಮ್ಮ ಹೋಗ್ತಾರೆ. ಅದಾದ್ಮೇಲೆ ಬಂದಿದ್ದು ಮಾತ್ರ ಉಳಿಯುತ್ತೆ. ಎಂಟಕ್ಕೆ ಶುರು ಆಗುತ್ತೆ, ಹನ್ನೊಂದಕ್ಕೆ ನಿಲ್ಲುತ್ತೆ. ನೀವು ಮನೆ ಬಿಡೋದು ಎಷ್ಟು ಗಂಟೆಗೆ? ಊಟಕ್ಕೆ ಬರೋದು ಎಷ್ಟು ಗಂಟೆಗೆ? ಅಷ್ಟು ದೂರ ಇರೋದಕ್ಕೆ ಇದೆಲ್ಲ ಹೆಂಗಣ್ಣ ಗೊತ್ತಿರುತ್ತೆ?'

ಎಮ್ಮೆ ಮೆಲುಕು ಹಾಕುತ್ತಿತ್ತು. ನಾನು ಬಕೆಟ್ಟಿನ ಮೇಲೆ ಕೂತೇ ಇದ್ದೆ. ಪು‌ಷ್ಯದ ಮಂಡಿನೋವು, ಒಣಗದ ಸೀರೆ ಎಲ್ಲ ಒಂದೊಂದಾಗಿ ಬಂದು ಎದುರಿಗೆ ನಿಂತವು. ಸ್ಟೂಲಿನ ಮೇಲೆ ಕೂತರೆ ಮಗನಿಗೆ ಗೊತ್ತಾಗಿಬಿಡುತ್ತದೆ ಎಂದು ಅವಳಿಗೆ ಗೊತ್ತಿತ್ತು. ಎಂಟಕ್ಕೆ ನಾನು ಬಾಗಿಲು ದಾಟುವವರೆಗೆ ತಡೆದುಕೊಂಡು, ಬೀದಿಯ ತಿರುವು ದಾಟಿದ ಮೇಲೆ ಸಡಿಲ ಬಿಡುತ್ತಿದ್ದಳು. ಇನ್ನೂ ಒಂದು ಸಂಗತಿ ಇತ್ತು, ಅದನ್ನು ನಾನು ದಾಕ್ಷಾಯಣಿಗೂ ಹೇಳಲಿಲ್ಲ. ಆ ಚೈತ್ರಕ್ಕೆ ಮುಂಚೆ ಎರಡು ತಿಂಗಳು ಆಕಾಶದ ಬೇರೆ ತುಂಡುಗಳನ್ನು ನಾನೇ ಸೋಸಿದ್ದೆ. ಆಗಲೂ ಎಂಟರಿಂದ ಹನ್ನೊಂದರವರೆಗೆ ಒಂದು ಊತ ಕಾಣುತ್ತಿತ್ತು. 'ಚಿಲ್ಲರೆ ಸದ್ದು' ಎಂದು ಬರೆದು ಕೈಯಳತೆಯಲ್ಲಿ ಹೆರೆದು ಹಾಕಿದ್ದೆ. ಅಷ್ಟು ನಯವಾಗಿ ಹೆರೆದಿದ್ದೆ, ಒಂದು ದಿನವೂ ಅದು ಏನೆಂದು ಕೇಳಿಕೊಳ್ಳಲಿಲ್ಲ.

'ತಪ್ಪಾಯ್ತು' ಎಂದೆ.

'ನನ್ಗ್ ಹೇಳಿ ಏನ್ ಮಾಡೋದು ಬಿಡಿ' ಎಂದಳು ದಾಕ್ಷಾಯಣಿ. ಎಮ್ಮೆಯ ಬೆನ್ನು ಸವರುತ್ತ, 'ನಾನೂ ಅವತ್ತೇ ನಿಮ್ಮನೆಗೆ ಹೋಗ್ಬೋದಿತ್ತು. ಸಿಟ್ಟು ಬಂದಿತ್ತು, ಹೋಗ್ಲಿಲ್ಲ' ಎಂದಳು. ಅವಳ ಕಣ್ಣು ತುಂಬಿತ್ತು.

ಮಧ್ಯಾಹ್ನ ಊಟಕ್ಕೆ ಹೋಗದೆ ಸೋಸುಮನೆಯಲ್ಲಿ ಕೂತು ಹೊಸ ಹಾಳೆ ತೆಗೆದುಕೊಂಡೆ. ಹಾಳೆ ಬರೆಯಬೇಕಾದರೆ ಆ ಜೀವ ಸ್ಟೂಲಿನ ಮೇಲೆ ಕೂರಬೇಕು. ಸ್ಟೂಲು ಖಾಲಿ ಇತ್ತು. ಹಿಂದಿನ ಚೈತ್ರದ ಮೊದಲ ದಿನ ಉಳಿದದ್ದನ್ನೇ ಎದುರಿಗಿಟ್ಟುಕೊಂಡು ನಿಮಿಷ ನಿಮಿಷವಾಗಿ ಇಳಿಸಿಕೊಂಡೆ. ಎಂಟು ಇಪ್ಪತ್ತಕ್ಕೆ ಮೊದಲ ದಿಬ್ಬ. ಎಂಟೂಮುಕ್ಕಾಲಿಗೆ ತುಸು ತಗ್ಗು. ಆಗ ಬಹುಶಃ ಗೋಡೆಯ ಪಕ್ಕ ತಣ್ಣನೆಯ ನೆಲದ ಮೇಲೆ ಮಲಗುತ್ತಿದ್ದಳು. ಒಂಬತ್ತೂಕಾಲಿಗೆ ಎರಡನೆಯದು, ನಲ್ಲಿಯಲ್ಲಿ ನೀರು ಬರುವ ಹೊತ್ತು, ಕೊಡ ಎತ್ತಿರುತ್ತಾಳೆ. ಹತ್ತಕ್ಕೆ ಎಲ್ಲಕ್ಕಿಂತ ದೊಡ್ಡದು, ಅದಕ್ಕೆ ಯಾವ ಕಾರಣವೂ ನನಗೆ ತಿಳಿಯಲಿಲ್ಲ, ಅದು ಸುಮ್ಮನೆ ಬರುತ್ತಿತ್ತು. ಹತ್ತೂಮುಕ್ಕಾಲಿಗೆ ಇಳಿಯಲು ಶುರು. ಹನ್ನೊಂದಕ್ಕೆ ಅನ್ನಕ್ಕಿಡಲು ಏಳಬೇಕಲ್ಲ, ಅಷ್ಟು ಹೊತ್ತಿಗೆ ಅದನ್ನು ಒಳಗೆ ತಳ್ಳಿಬಿಡುತ್ತಿದ್ದಳು. ಬರೆದು ಮುಗಿಸಿ, ಹೆಸರು ಬರೆದು, ಸ್ಥಿತಿಯ ಕಾಲಂನಲ್ಲಿ ಬಹಳ ಹೊತ್ತು ಪೆನ್ನು ಇಟ್ಟುಕೊಂಡಿದ್ದೆ. ಆಮೇಲೆ 'ನೋವು' ಎಂದು ಬರೆದೆ.

ಮರುದಿನ ಬೆಳಿಗ್ಗೆ ಆ ಹಾಳೆಯನ್ನು ಹಿಂದಿನ ವರ್ಷದ ಕೊನೆಯ ದಿನದ ಗೆರೆಯಿಂದ ಕಳೆದು, ಟೇಪು ಮಾಡಿ, ಓಂಕಾರಯ್ಯನವರ ಒಳ್ಳೆಯ ಕಿವಿಗೆ ಹೆಡ್‌ಫೋನು ಹಿಡಿದೆ. ಅವರು ಕಣ್ಣು ಮುಚ್ಚಿ ಕೇಳಿದರು. ಮೂರು ನಿಮಿಷ ಮುಗಿದ ಮೇಲೂ ಕೇಳುತ್ತಲೇ ಇದ್ದರು.

'ಏನೂ ಇಲ್ವಲ್ಲೋ' ಎಂದರು.

'ಇಲ್ಲ ಸರ್.'

'ಮತ್ತೆ ಅದೇನಿತ್ತು?'

'ನಮ್ಮಮ್ಮನಿಗೆ ಹೊಟ್ಟೆನೋವಿತ್ತು ಸರ್. ಎಂಟರಿಂದ ಹನ್ನೊಂದರವರೆಗೆ.'

ಅವರು ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡರು. ಬಯ್ಯಲಿಲ್ಲ. ಮೂವತ್ತೊಂಬತ್ತು ವರ್ಷದ ಕಾಯುವಿಕೆಯ ಮಾತೂ ಎತ್ತಲಿಲ್ಲ. 'ನಾನು ಅದನ್ನ ಕೇಳ್ಕೊಂಡು ದಿನಾ ನಿದ್ದೆ ಮಾಡ್ತಿದ್ನಲ್ಲೋ ಹಾಲೇಶ' ಎಂದರು. 'ಊರೆಲ್ಲ ಮಾಡ್ತಿತ್ತು.' ಅವರ ಕೈ ನನ್ನ ಕೈಯ ಮೇಲಿತ್ತು. 'ಹೋಗು, ಹೊರಗಡೆ ಇರೋದನ್ನ ತೆಗೆದ್ಬಿಡು. ಪಾಪ, ಇನ್ನು ಸಾಕು ಆ ತಾಯಿಗೆ.'

ಜಗಲಿಗೆ ಬಂದೆ. ಏಳೆಂಟು ಜನ ಸರದಿಯಲ್ಲಿದ್ದರು. ಮೇಜಿನ ಮುಂದೆ ಒಬ್ಬ ಹೆಂಗಸು ಕೂಸನ್ನು ಹೆಗಲಿಗೆ ಹಾಕಿಕೊಂಡು, ಹೆಡ್‌ಫೋನಿನ ಒಂದು ಬದಿಯನ್ನು ಅದರ ಕಿವಿಗೆ, ಇನ್ನೊಂದನ್ನು ತನ್ನ ಕಿವಿಗೆ ಹಿಡಿದು ನಿಂತಿದ್ದಳು. ಟೇಪು ಓಡುತ್ತಿತ್ತು. ಮೀಟರಿನ ಸೂಜಿ ಎರಡನೆಯ ದಿಬ್ಬದ ಮೇಲಿತ್ತು. ಕೈ ಗುಂಡಿಯ ತನಕ ಹೋಯಿತು. ಆದರೆ ಅಲ್ಲಿ ನಿಲ್ಲಿಸಲು ನನ್ನಿಂದ ಆಗಲಿಲ್ಲ. ನೋವಿನ ನಡುವೆ ಅಮ್ಮನನ್ನು ಒಬ್ಬಳನ್ನೇ ಬಿಟ್ಟು ಬಂದದ್ದು ಸಾಕಾಗಿತ್ತು. ಅಲ್ಲೇ ಮೇಜಿನ ಪಕ್ಕ ನಿಂತೆ. ಮೂರನೆಯ ದಿಬ್ಬ ಎದ್ದಿತು, ನಿಂತಿತು, ನಿಧಾನವಾಗಿ ಇಳಿಯತೊಡಗಿತು. ಕೂಸಿನ ಕಣ್ಣು ಮುಚ್ಚಿಕೊಂಡಿತು. ಟೇಪಿನಲ್ಲಿ ಹನ್ನೊಂದಾಯಿತು. ಅಮ್ಮ ಅನ್ನಕ್ಕಿಡಲು ಎದ್ದಳು. ಆಮೇಲೆ ಆರಿಸಿದೆ.